ಬರಿದಾಗಿ ಬಂದ ಬುಟ್ಟಿ

ಚನ್ನವೀರನೆಂಬ ಶಿಷ್ಯ ಗುರುಗಳ ಮುಂದೆ ಕುಳಿತು ಕೇಳಿದ: "ಗುರುಗಳೆ, ನನ್ನ ಅಣ್ಣ ಪೇಟೆಯ ಅಂಗಡಿಯಿಂದ ನನಗೊಂದು ಹೂಗುಚ್ಛ ಕಳಿಸಿದ್ದಾನೆ. ತಾನು ಬರಲಿಲ್ಲ. ಸಂಸಾರದ ಹೊಣೆ ಹೊರಲಾರದೆ ಮಠಕ್ಕೆ ಓಡಿಹೋದೆ ಎಂದು ಅವನು ಹಿಂದೆ ನನ್ನನ್ನು ಹಂಗಿಸಿದ್ದ. ಆಮೇಲೆ ಈ ಕಡೆ ತಲೆ ಹಾಕಿಲ್ಲ. ಪ್ರೀತಿ ಇದ್ದವನು ತಾನೇ ಬರಬೇಕಲ್ಲವೆ? ಬಾರದವನ ಹೂವನ್ನು ನಾನು ಏಕೆ ಇಟ್ಟುಕೊಳ್ಳಲಿ?"

"ಹೂ ಈಗ ಎಲ್ಲಿದೆ?" ಎಂದರು ಗುರುಗಳು.

"ಹೊರಗೆ ಕಟ್ಟೆಯ ಮೇಲೆ."

"ಈ ಬಿಸಿಲಿನಲ್ಲೆ? ಪಾಪ, ಹೂ ಏನು ಮಾಡಿತ್ತು? ಮೊದಲು ಅದನ್ನು ನೆರಳಿಗಿಟ್ಟು ಬಾ."

ಚನ್ನವೀರ ಮುಖ ಸಣ್ಣದು ಮಾಡಿಕೊಂಡು ಎದ್ದು ಹೋದ. ಅವನು ಹಿಂದಿರುಗಿ ಬಂದು ಕುಳಿತ ಮೇಲೆ ಗುರುಗಳು ಈ ಕತೆ ಹೇಳಿದರು.

ಒಂದು ಸಣ್ಣ ಊರಿನಲ್ಲಿ ಒಬ್ಬ ಹೂವಾಡಿಗನಿದ್ದ. ಮೊದಲು ಅವನು ದೇವಸ್ಥಾನಕ್ಕೆ, ಮದುವೆಗೆ ಮಾಲೆ ಕಟ್ಟುತ್ತಿದ್ದ. ಆಮೇಲೆ ಆ ಊರಿಗೂ ಹೂಗುಚ್ಛದ ಬಳಕೆ ಬಂತು. ಹುಷಾರಿಲ್ಲದ ಸ್ನೇಹಿತನಿಗೆ, ಹೆರಿಗೆಯಾದ ನಾದಿನಿಗೆ, ನಿವೃತ್ತರಾದ ಮೇಷ್ಟರಿಗೆ ಹೂ ಕಳಿಸುವುದನ್ನು ಜನ ಕಲಿತರು. ಕಳಿಸುವವರು ಅಂಗಡಿಗೆ ಬಂದು ಯಾರ ಮನೆಗೆ ಎಂದು ಹೇಳುತ್ತಿದ್ದರು. ಹೂವಾಡಿಗ ಅಂದಿನ ಹೂವನ್ನೇ ಆರಿಸಿ ಕಟ್ಟುತ್ತಿದ್ದ. ಬಿದಿರಿನ ಬುಟ್ಟಿಯಲ್ಲಿ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಹೂವಿಟ್ಟು, ತಾನೇ ಹೊತ್ತು ಮುಟ್ಟಿಸುತ್ತಿದ್ದ.

ದೊಡ್ಡ ಪಟ್ಟಣಗಳಲ್ಲಿ ಹೂಗುಚ್ಛ ಬಂದರೆ ಥ್ಯಾಂಕ್ಸ್ ಹೇಳಿ ಬಾಗಿಲು ಹಾಕಿಕೊಳ್ಳುತ್ತಾರಂತೆ. ಈ ಊರಿನವರಿಗೆ ಅದು ಒಗ್ಗಲಿಲ್ಲ. ಬೇರೆ ಮನೆಯಿಂದ ಏನಾದರೂ ತುಂಬಿ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಿ ಅವರಿಗೆ ಅಭ್ಯಾಸವಿರಲಿಲ್ಲ. ಆದ್ದರಿಂದ ಹೂವನ್ನು ಎತ್ತಿಕೊಂಡು, ಬುಟ್ಟಿಗೆ ಒಂದು ಚೂರು ಬೆಲ್ಲವನ್ನೋ, ಒಂದು ಹಿಡಿ ಹುರಿಗಡಲೆಯನ್ನೋ, ಹಿತ್ತಲಿನ ನಿಂಬೆಹಣ್ಣನ್ನೋ ಹಾಕಿ ಕೊಡುತ್ತಿದ್ದರು. ಹೂ ಸೇರಿತು, ನಮಗೂ ನಿಮ್ಮ ನೆನಪಿದೆ ಎಂದು ಅದರ ಅರ್ಥ. ಹೂವಾಡಿಗ ಅದನ್ನು ಹೂ ಕಳಿಸಿದವರ ಕೈಗೆ ಕೊಡುತ್ತಿದ್ದ. ವ್ಯಾಪಾರಕ್ಕೂ ಇದಕ್ಕೂ ಸಂಬಂಧವಿರಲಿಲ್ಲ. ಆದರೂ ಅವನು ಒಮ್ಮೆಯೂ ತಪ್ಪಿಸಲಿಲ್ಲ.

ಆ ಊರಿನಲ್ಲಿ ಇಬ್ಬರು ಅಕ್ಕತಂಗಿಯರಿದ್ದರು. ಅಕ್ಕ ಒಬ್ಬ ಬಟ್ಟೆ ವ್ಯಾಪಾರಿಯ ಹೆಂಡತಿ. ತಂಗಿ ಒಬ್ಬ ಬಡಗಿಯ ಹೆಂಡತಿ. ತಾಯಿ ಬೇಗ ತೀರಿಕೊಂಡದ್ದರಿಂದ ಅಕ್ಕನೇ ತಂಗಿಗೆ ತಲೆ ಬಾಚಿ, ಉಣ್ಣಿಸಿ ಬೆಳೆಸಿದ್ದಳು. ಮದುವೆಯಾದ ಮೇಲೂ ಒಬ್ಬರ ಮನೆಯ ಸಾರು ಇನ್ನೊಬ್ಬರ ಮನೆಗೆ ಹೋಗುತ್ತಿತ್ತು. ಅಕ್ಕನಿಗೆ ಮಕ್ಕಳಿರಲಿಲ್ಲ. ತಂಗಿಗೆ ಒಬ್ಬ ಮಗನಿದ್ದ. ಅವನು ಎರಡೂ ಮನೆಯ ಮಗನಾಗಿ ಬೆಳೆಯುತ್ತಿದ್ದ.

ಆ ಮಗು ಜ್ವರ ಬಂದು ತೀರಿಕೊಂಡಿತು.

ಸಾವಿನ ಮನೆಯಲ್ಲಿ ಅಕ್ಕ ಎದೆ ಬಡಿದುಕೊಂಡು ಅತ್ತಳು. ಅಳುತ್ತ ಅಳುತ್ತಲೇ, ನೆರೆದವರ ಎದುರಿನಲ್ಲಿ ತಂಗಿಗೆ ಹೇಳಿದಳು: "ಒಂದಿನ ಮುಂಚೆ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರೆ ಮಗು ಉಳೀತಿತ್ತು ಕಣೆ."

ಆ ಮಾತು ಸುಳ್ಳಾಗಿರಲಿಲ್ಲ. ವೈದ್ಯರೂ ಅದನ್ನೇ ಹೇಳಿದ್ದರು. ಸುಳ್ಳಾಗಿದ್ದರೆ ತಂಗಿ ಅಲ್ಲೇ ಜಗಳವಾಡಿ, ಆಮೇಲೆ ಮರೆತುಬಿಡುತ್ತಿದ್ದಳೇನೋ. ನಿಜವಾದ್ದರಿಂದ ಅವಳ ಬಾಯಿ ಕಟ್ಟಿತು. ಮಗುವಿನ ಹಣೆಗೆ ತಣ್ಣೀರಿನ ಬಟ್ಟೆ ಹಾಕಿ, ಬೆಳಗಾದರೆ ಇಳಿಯುತ್ತದೆ ಎಂದು ಕಾದವಳು ಅವಳೇ. ಅದನ್ನು ಅವಳಿಗೆ ಬೇರೆಯವರು ನೆನಪಿಸಬೇಕಾಗಿರಲಿಲ್ಲ. ಅಂದಿನಿಂದ ಅವಳು ಅಕ್ಕನ ಮನೆಗೆ ಕಾಲಿಡಲಿಲ್ಲ. ಅಕ್ಕ ದಾರಿಯಲ್ಲಿ ಎದುರಾದರೆ ಬೇರೆ ಓಣಿಗೆ ತಿರುಗುತ್ತಿದ್ದಳು.

ಅಕ್ಕ ಕೆಟ್ಟವಳಲ್ಲ. ದುಃಖದಲ್ಲಿ ಬಾಯಿ ತಪ್ಪಿ ಬಂದ ಮಾತು ಅದು. ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಮನೆಯಿಂದ ಹೊರಟಳು. ಹೂವಾಡಿಗನ ಅಂಗಡಿಯಿದ್ದ ತಿರುವಿನವರೆಗೆ ಬರುತ್ತಿದ್ದಳು. ಅಲ್ಲಿಂದ ತಂಗಿಯ ಮನೆ ಕಾಣುತ್ತಿತ್ತು. ಆ ಬಾಗಿಲನ್ನು ಕಂಡೊಡನೆ ಅವಳಿಗೆ ಮುಂದೆ ಕಾಲು ಬರುತ್ತಿರಲಿಲ್ಲ. ಹೋಗಿ ಏನೆಂದು ಹೇಳುವುದು? ಆಡಿದ ಮಾತು ಸುಳ್ಳು ಎನ್ನುವುದೆ? ಹಾಗೆಂದರೆ ತಂಗಿ ನಂಬುವಳೆ? ಸ್ವಲ್ಪ ಹೊತ್ತು ನಿಂತು ಹಿಂದಿರುಗುತ್ತಿದ್ದಳು. ಹೂವಾಡಿಗ ಅಂಗಡಿಯಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದ.

ಒಂದು ದಿನ ಅವಳು ಅಂಗಡಿಯ ಮೆಟ್ಟಿಲು ಹತ್ತಿದಳು. ತಂಗಿಯ ಮನೆಗೆ ಒಂದು ಹೂಗುಚ್ಛ ಬೇಕೆಂದಳು. ಸುಗಂಧರಾಜವೇ ಹೆಚ್ಚಿರಲಿ, ಅವಳಿಗೆ ಅದು ಇಷ್ಟ ಎಂದಳು.

"ಏನಾದ್ರೂ ಹೇಳ್ಬೇಕಾ ಅಮ್ಮ?" ಎಂದು ಹೂವಾಡಿಗ ಕೇಳಿದ.

"ಏನೂ ಹೇಳ್ಬೇಡಪ್ಪ. ಕೊಟ್ಟು ಬಾ, ಸಾಕು."

ಮನೆಗೆ ಬಂದ ಹೂವನ್ನು ಮುತ್ತೈದೆ ಬೇಡವೆನ್ನುವಂತಿಲ್ಲ. ತಂಗಿ ಬಾಗಿಲಲ್ಲಿ ನಿಂತು ಹೂಗುಚ್ಛವನ್ನು ತೆಗೆದುಕೊಂಡಳು. ಯಾರು ಕಳಿಸಿದ್ದೆಂದು ಕೇಳಲಿಲ್ಲ. ಸುಗಂಧರಾಜವನ್ನು ಕಂಡೊಡನೆ ಅವಳಿಗೆ ತಿಳಿದಿತ್ತು. ಬುಟ್ಟಿಯನ್ನು ಬರಿದಾಗಿ ಹಿಂದಿರುಗಿಸಿದಳು. ಹೇಳಬೇಕಾದದ್ದನ್ನೆಲ್ಲ ಅವಳು ಹಾಗೆ ಹೇಳಿ ಕಳಿಸಿದಳು.

ಅಂಗಡಿಯಲ್ಲಿ ಕಾದು ಕುಳಿತಿದ್ದ ಅಕ್ಕ ಬುಟ್ಟಿಯೊಳಗೆ ನೋಡಿದಳು. ಒದ್ದೆ ಬಟ್ಟೆಯನ್ನು ಎತ್ತಿ ಅದರ ಕೆಳಗೂ ನೋಡಿದಳು. ಏನೂ ಇರಲಿಲ್ಲ. "ಇರ್ಲಿ ಬಿಡು" ಎಂದು ಎದ್ದು ಹೋದಳು. ಮುಂದಿನ ವಾರ ಮತ್ತೆ ಬಂದಳು. ಮತ್ತೆ ಸುಗಂಧರಾಜ ಹೋಯಿತು, ಮತ್ತೆ ಬರಿ ಬುಟ್ಟಿ ಬಂತು. ಹೀಗೇ ಮಳೆಗಾಲ ಕಳೆಯಿತು, ಚಳಿಗಾಲವೂ ಕಳೆಯಿತು. ಬಟ್ಟೆಯ ಕೆಳಗೆ ನೋಡುವುದನ್ನು ಮಾತ್ರ ಅವಳು ಬಿಡಲಿಲ್ಲ. ಅವಳು ಬಟ್ಟೆ ಎತ್ತುವಾಗ ಹೂವಾಡಿಗನೇ ನೋಡಲಾರದೆ ಅತ್ತ ತಿರುಗಿಕೊಳ್ಳುತ್ತಿದ್ದ.

ಕೊನೆಗೆ ಒಂದು ದಿನ ಅಕ್ಕ ಹೂಗುಚ್ಛ ಕಟ್ಟಿಸುವಾಗಲೇ ಹೇಳಿದಳು: "ಇದೇ ಕಡೇದಪ್ಪ. ಇನ್ಮೇಲೆ ಕಳ್ಸೋದಿಲ್ಲ. ನಾನು ಕಳ್ಸಿ ಕಳ್ಸಿ ಅವಳ ಗಾಯ ಕೆದಕ್ತಾ ಇದೀನೇನೋ."

ಆ ಹೂವನ್ನು ಕೊಡಲು ಹೋದಾಗ ತಂಗಿಯ ಮನೆಯ ಬಾಗಿಲು ಪೂರ್ತಿ ತೆರೆದಿತ್ತು. ಒಳಗೆ ಕಿಟಕಿಯ ಬಳಿ, ಗಾಜಿನ ಲೋಟದಲ್ಲಿ ಹಿಂದಿನ ವಾರದ ಹೂ ನಿಂತಿತ್ತು. ಬಾಡಿದ ಹೂಗಳನ್ನು ಒಂದೊಂದಾಗಿ ಬಿಡಿಸಿ ತೆಗೆದಿದ್ದರು. ಲೋಟದ ನೀರು ತಿಳಿಯಾಗಿತ್ತು. ಹೂವಾಡಿಗ ಅದನ್ನು ನೋಡಿದ. ತಂಗಿ ಎಂದಿನಂತೆ ಹೂವನ್ನು ತೆಗೆದುಕೊಂಡು ಬುಟ್ಟಿಯನ್ನು ಬರಿದಾಗಿ ಕೊಟ್ಟಳು.

ಹಿಂದಿರುಗುತ್ತ ಅವನು ಯೋಚಿಸಿದ. ಬೇಡವಾದ ಹೂವಿಗೆ ಯಾರೂ ದಿನಾ ನೀರು ಬದಲಿಸುವುದಿಲ್ಲ. ಇವಳಿಗೆ ಅಕ್ಕ ಬೇಕು. ಬುಟ್ಟಿಗೆ ಕೈ ಹಾಕುವಾಗ ಮಾತ್ರ ಹಳೆಯ ಮಾತು ಅಡ್ಡ ಬರುತ್ತದೆ. ಹೂ ಹೋಗುವುದು ನಿಂತುಬಿಟ್ಟರೆ ಇಬ್ಬರ ನಡುವೆ ಉಳಿದಿರುವ ಈ ಒಂದು ದಾರಿಯೂ ಮುಚ್ಚುತ್ತದೆ. ಹೀಗೆಂದುಕೊಂಡು ಅವನು ಕಿರಾಣಿ ಅಂಗಡಿಯ ಮುಂದೆ ನಿಂತ. ಒಂದು ಚೂರು ಬೆಲ್ಲ ತೆಗೆದುಕೊಂಡು ಒದ್ದೆ ಬಟ್ಟೆಯ ಕೆಳಗೆ ಇಟ್ಟ. ಮಾಡಿದ್ದು ಸರಿಯೊ ತಪ್ಪೊ ಅವನಿಗೂ ಗೊತ್ತಿರಲಿಲ್ಲ. ಇನ್ನೂ ಕೆಲವು ವಾರ ಹೂ ಹೋಗುತ್ತಿರಲಿ ಎಂಬುದಷ್ಟೇ ಅವನ ಆಸೆಯಾಗಿತ್ತು.

ಅಕ್ಕ ಬಟ್ಟೆ ಎತ್ತಿದಳು. ಬೆಲ್ಲವನ್ನು ಕಂಡಳು. ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮೆಟ್ಟಿಲಿಳಿದಳು. ತಿರುವಿನಲ್ಲಿ ನಿಲ್ಲಲಿಲ್ಲ. ನೇರವಾಗಿ ತಂಗಿಯ ಮನೆಯ ಕಡೆಗೆ ನಡೆದಳು. ಹೂವಾಡಿಗ ಎಣಿಸಿದ್ದು ಇದನ್ನಲ್ಲ. ಅಂಗಡಿಯನ್ನು ಹಾಗೇ ಬಿಟ್ಟು ಅವಳ ಹಿಂದೆ ಓಡಿದ.

ತಂಗಿ ಬಾಗಿಲಿಗೆ ಬಂದಳು. "ಯಾಕ್ ಬಂದೆ?" ಎಂದಳು.

ಅಕ್ಕ ಸೆರಗಿನ ಗಂಟು ಬಿಚ್ಚಿ ತೋರಿಸಿದಳು. "ನೀನು ಬೆಲ್ಲ ಕಳ್ಸಿದ್ಯಲ್ಲೇ, ಅದಕ್ಕೇ ಬಂದೆ. ಇಲ್ದಿದ್ರೆ ಯಾವ ಮುಖ ಹೊತ್ಕೊಂಡು ಬರ್ಲಿ?"

ತಂಗಿ ಬೆಲ್ಲವನ್ನು ನೋಡಿದಳು. ಅಕ್ಕನ ಹಿಂದೆ, ಬೀದಿಯಲ್ಲಿ ತಲೆ ತಗ್ಗಿಸಿ ನಿಂತಿದ್ದ ಹೂವಾಡಿಗನನ್ನು ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು. ಅದು ನಾನು ಇಟ್ಟದ್ದಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದು ನಿಜವಾದ ಮಾತು. ಆಡಿದ್ದರೆ ಅವಳನ್ನು ಯಾರೂ ತಪ್ಪು ಎನ್ನುವಂತಿರಲಿಲ್ಲ. ಆಡಿದ್ದರೆ ಅಕ್ಕ ಬಂದ ದಾರಿಯಲ್ಲೇ ಹಿಂದಿರುಗುತ್ತಿದ್ದಳು, ಮತ್ತೆಂದೂ ಆ ಕಡೆ ಬರುತ್ತಿರಲಿಲ್ಲ. ತಂಗಿ ಆ ಮಾತನ್ನು ನುಂಗಿಕೊಂಡು ಹೊಸ್ತಿಲಿನಿಂದ ಪಕ್ಕಕ್ಕೆ ಸರಿದಳು.

"ಬಿಸ್ಲಲ್ಲಿ ನಡ್ಕೊಂಡು ಬಂದಿದ್ಯ. ಒಳಗೆ ಬಾ ಅಕ್ಕ" ಎಂದಳು.

ಅಕ್ಕ ಒಳಗೆ ಹೋಗಿ ಕುಳಿತಳು. "ಅವತ್ತು ನಾನು..." ಎಂದು ಏನೋ ಹೇಳಲು ಹೊರಟಳು. ಮೊದಲು ನೀರು ಕುಡಿ ಎಂದಳು ತಂಗಿ. ಅಡುಗೆಮನೆಯಿಂದ ನೀರು ತಂದಳು, ಜೊತೆಗೆ ತನ್ನ ಡಬ್ಬಿಯ ಒಂದು ಚೂರು ಬೆಲ್ಲವನ್ನೂ ತಂದಳು. ಆಮೇಲೆ ಇಬ್ಬರೂ ಮಗುವಿನ ಹೆಸರು ಹೇಳಿಕೊಂಡು ಬಹಳ ಹೊತ್ತು ಅತ್ತರು. ಅದು ಸತ್ತಂದಿನಿಂದ ಅವರು ಬೇರೆ ಬೇರೆಯಾಗಿ ಅತ್ತಿದ್ದರೇ ಹೊರತು ಒಟ್ಟಿಗೆ ಕುಳಿತು ಅತ್ತಿರಲಿಲ್ಲ.

ಮುಂದಿನ ವಾರದಿಂದ ಅಕ್ಕ ಹೂ ಕಳಿಸಲಿಲ್ಲ. ತಾನೇ ಹೋಗಿ ಬರುತ್ತಿದ್ದಳು. ಹೂವಾಡಿಗನಿಗೆ ಒಳ್ಳೆಯ ಗಿರಾಕಿಯೊಬ್ಬಳು ತಪ್ಪಿದಳು. ಅವನು ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ.

ಗುರುಗಳು ಕತೆ ಮುಗಿಸಿದರು. ಚನ್ನವೀರನಿಗೆ ಇನ್ನೂ ಸಮಾಧಾನವಿರಲಿಲ್ಲ. "ಗುರುಗಳೆ, ಹೂವಾಡಿಗ ಮಾಡಿದ್ದು ಮೋಸ. ಅಕ್ಕ ಬಂದದ್ದು ಆ ಮೋಸವನ್ನು ನಂಬಿ. ತಂಗಿಯಾದರೂ ನಿಜ ಹೇಳಬೇಕಿತ್ತಲ್ಲವೆ?" ಎಂದ.

"ನಿಜವನ್ನು ಅಕ್ಕ ಒಂದು ಸಲ ಹೇಳಿದ್ದಳಲ್ಲಪ್ಪ, ಸಾಲದೆ?" ಎಂದರು ಗುರುಗಳು.

ಚನ್ನವೀರ ಎದ್ದು, ನೆರಳಿನಲ್ಲಿಟ್ಟಿದ್ದ ಹೂವಿಗೆ ನೀರು ತರಲು ಹೋದ.