ಕುಂಟಿ ತುಳಿದ ಮಣ್ಣು

“ಗುರುಗಳೇ, ನೀವು ಹೇಳಿದ್ದನ್ನು ಕಲಿಯುತ್ತಿದ್ದೇನೆ, ಮಾಡಿದ್ದನ್ನೂ ನೋಡಿ ಕಲಿಯುತ್ತಿದ್ದೇನೆ. ಇದರಲ್ಲಿ ಯಾವುದು ವಿದ್ಯೆ, ಯಾವುದು ಬರೀ ನಿಮ್ಮ ಅಭ್ಯಾಸ? ನನಗೆ ತಲೆಬುಡ ತಿಳಿಯುತ್ತಿಲ್ಲ,” ಎಂದ ಶಿಷ್ಯ.

ಗುರುಗಳು ಒಂದು ಕತೆ ಹೇಳಿದರು.

ಆಫ್ರಿಕಾದ ಒಳನಾಡಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಹೆಂಗಸು ದಾರಿ ತಪ್ಪಿದ್ದಳು. ದೇಶ ದೇಶ ಸುತ್ತಿದವಳು, ಎಲ್ಲೂ ಕಾಲು ನಿಂತದ್ದಿಲ್ಲ. ಆ ಸೀಮೆಯ ಮಾತು ಅಷ್ಟಿಷ್ಟು ಬರುತ್ತಿತ್ತು. ಒಂಟಿ ಮನೆಯೊಂದರ ಮುಂದೆ ಜೀಪು ನಿಲ್ಲಿಸಿ, ಅಲ್ಲಿ ಕೂತಿದ್ದ ಅಜ್ಜಿಯನ್ನು ಸಂತೆಯ ಊರಿಗೆ ದಾರಿ ಕೇಳಿದಳು. ವ್ಯಾಪಾರಿ ಬಂದ ದಾರಿಯನ್ನೇ ಅಜ್ಜಿ ತೋರಿಸಿದಳು. ವ್ಯಾಪಾರಿ ಜೀಪನ್ನು ಹಿಂದಕ್ಕೆ ತೆಗೆದಳು. ಜೀಪು ತಗುಲಿ ಅಜ್ಜಿಯ ಉಗ್ರಾಣದ ಗೋಡೆ ಧೊಪ್ಪನೆ ಕುಸಿಯಿತು.

ಒಳಗೆ ವರ್ಷಕ್ಕಾಗುವ ಮೆಕ್ಕೆಜೋಳವಿತ್ತು. ಮಳೆಗಾಲ ಹತ್ತಿರವಿತ್ತು. ಜೋಳ ನೆನೆದರೆ ಅಜ್ಜಿಗೆ ಉಪವಾಸವೇ ಗತಿ.

ವ್ಯಾಪಾರಿ ಹಣ ತೆಗೆದಳು.

“ಇದನ್ನೇನು ಮಳೆಗೆ ಅಡ್ಡ ಹಿಡಿಯಲಾ?” ಎಂದಳು ಅಜ್ಜಿ. “ಇಲ್ಲಿ ಇಟ್ಟಿಗೆ ಮಾರುವವರಿಲ್ಲ ಮಗಳೇ, ಬೇಕಾದವರು ಮಾಡಿಕೊಳ್ಳುತ್ತಾರೆ. ಒಂದು ಗುಂಡಿ ಮಣ್ಣು ತುಳಿಯುವಷ್ಟರಲ್ಲಿ ನನ್ನ ಕಾಲು ಸೋಲುತ್ತದೆ. ನೀನು ಕಲಿ, ನೀನೇ ಕಟ್ಟು.”

ಅಜ್ಜಿ ಗುಂಡಿಗೆ ಹುತ್ತದ ಮಣ್ಣು ಹಾಕಿ, ನೀರು ಬಿಟ್ಟು, ಕಾಲಲ್ಲಿ ತುಳಿದು ತೋರಿಸಿದಳು. ಎಡಗಾಲು ಎಳೆದು ಕುಂಟುತ್ತಿದ್ದಳು. ಗುನುಗುನು ಹಾಡುತ್ತಿದ್ದಳು. ನಡುನಡುವೆ ಥೂ ಎಂದು ಉಗುಳುತ್ತಿದ್ದಳು. ಆಮೇಲೆ ಮಣ್ಣನ್ನು ಮರದ ಅಚ್ಚಿಗೆ ಬಡಿದು, ತೆಗೆದು, ನೆರಳಲ್ಲಿ ಒಣಗಲು ಇಟ್ಟಳು.

ವ್ಯಾಪಾರಿ ಕಣ್ಣಿಟ್ಟು ನೋಡಿದಳು. ಹಾಗೆಯೇ ಮಾಡಿದಳು. ಎಡಗಾಲು ಎಳೆದಳು, ಉಗುಳಲೂ ಮರೆಯಲಿಲ್ಲ. ಹಾಡು ಮಾತ್ರ ಬಿಟ್ಟಳು. ತನ್ನ ಕಂಠ ಎಂಥದ್ದೆಂದು ಅವಳಿಗೆ ಗೊತ್ತಿತ್ತು.

ಅವಳ ಇಟ್ಟಿಗೆಗಳೆಲ್ಲ ಬಿರುಕು ಬಿಟ್ಟವು, ಅಜ್ಜಿ ಮಾಡಿಟ್ಟವು ಮಾತ್ರ ಬಿಡಲಿಲ್ಲ. ನೀರು ಹೆಚ್ಚು ಮಾಡಿದಳು, ಬಿರುಕು. ಕಡಿಮೆ ಮಾಡಿದಳು, ಬಿರುಕು. ಇನ್ನಷ್ಟು ಕುಂಟಿದಳು, ಆಗಲೂ ಬಿರುಕು. ನೀರಿಗೆ ಹೋಗುವ ಹೆಂಗಸರು ನಿಂತು, “ಅಜ್ಜಿ, ಈ ವಯಸ್ಸಿನಲ್ಲಿ ನಿನಗೆ ಅವಳಿ ತಂಗಿ ಸಿಕ್ಕಿದಳಲ್ಲ!” ಎಂದು ನಕ್ಕರು.

ಮೋಡ ಕಟ್ಟತೊಡಗಿತು.

“ಎಲ್ಲಿ ತಪ್ಪುತ್ತಿದ್ದೇನೆ ಅಜ್ಜಿ?”

“ನನಗೂ ಹೊಳೆಯುತ್ತಿಲ್ಲ. ಥೇಟ್ ನನ್ನ ಹಾಗೇ ಮಾಡುತ್ತೀಯಲ್ಲ.”

ಇಬ್ಬರೂ ಒಟ್ಟಿಗೇ ಗುಂಡಿಗೆ ಇಳಿದರು. ಒಂದಷ್ಟು ತುಳಿದು, ಮಣ್ಣು ಮೆತ್ತಗಾಯಿತೆಂದು ವ್ಯಾಪಾರಿ ಮೇಲೆ ಹತ್ತಿದಳು.

“ಎಲ್ಲಿಗೆ ಹೊರಟೆ? ಹಾಡು ಮುಗಿದಿಲ್ಲ,” ಎಂದಳು ಅಜ್ಜಿ.

“ಹಾಡಿಗೂ ಮಣ್ಣಿಗೂ ಏನು ಸಂಬಂಧ?”

ಅಜ್ಜಿ ಒಂದು ಕಾಲೆತ್ತಿ ಹಾಗೇ ನಿಂತುಬಿಟ್ಟಳು. ಆಮೇಲೆ ಬಗ್ಗಿ ಗುಂಡಿಯ ತಳಕ್ಕೆ ಕೈ ಹಾಕಿದಳು. ಅಡಿಯಲ್ಲಿ ಇನ್ನೂ ಗಟ್ಟಿ ಹೆಂಟೆಗಳಿದ್ದವು.

“ನಮ್ಮಮ್ಮ ಹಾಡು ಮುಗಿಯುವವರೆಗೂ ತುಳಿಯುತ್ತಿದ್ದಳು,” ಎಂದಳು ನಿಧಾನವಾಗಿ.

“ಹಾಗಾದರೆ ಕಾಲು ಎಳೆಯುವುದು?”

“ಅದಾ? ಮರದಿಂದ ಬಿದ್ದು ಮುರಿದದ್ದು.”

“ಉಗುಳುವುದು?”

“ಬಾಯಿಗೆ ನೊಣ ಬಂದರೆ ನೀನೇನು ನುಂಗುತ್ತೀಯಾ?”

ವ್ಯಾಪಾರಿ ಹಾಡು ಕಲಿತಳು. ಎರಡೂ ಕಾಲೂರಿ, ಕೆಟ್ಟ ಕಂಠದಲ್ಲೇ ಕೊನೆಯ ಸಾಲಿನವರೆಗೂ ಹಾಡಿ ತುಳಿದಳು. ಆ ಇಟ್ಟಿಗೆಗಳು ಬಿರಿಯಲಿಲ್ಲ. ಮಳೆ ಹಿಡಿಯುವ ಮುಂಚೆ ಗೋಡೆ ಎದ್ದಿತು, ಜೋಳ ಉಳಿಯಿತು. ಅಜ್ಜಿ ಗೋಡೆಯನ್ನು ಅಂಗೈಯಿಂದ ತಟ್ಟಿ ನೋಡಿ, “ಲೆಕ್ಕ ತೀರಿತು ಮಗಳೇ, ಇನ್ನು ಹೊರಡು,” ಎಂದಳು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಯಾವುದು ಮಣ್ಣಿಗೆ ಬೇಕಾದದ್ದು, ಯಾವುದು ತನ್ನದು ಎಂದು ಅಜ್ಜಿ ಮೊದಲ ದಿನವೇ ಹೇಳಿಬಿಡಬಹುದಿತ್ತಲ್ಲ?”

“ಅಜ್ಜಿಗೂ ಅದು ಗೊತ್ತಾದದ್ದು ವ್ಯಾಪಾರಿಯ ಜೊತೆ ಗುಂಡಿಗೆ ಇಳಿದ ಮೇಲೆಯೇ,” ಎಂದರು ಗುರುಗಳು.