ಅಗುಳಿ ಇಲ್ಲದ ಮನೆ

"ಗುರುಗಳೇ, ಚಿಕ್ಕಂದಿನಲ್ಲಿ ಕೈಬಿಟ್ಟವರ ನಡುವೆ ಬೆಳೆದವನು ದೊಡ್ಡವನಾದ ಮೇಲೆ ಪ್ರೀತಿಯನ್ನು ನಂಬಬಲ್ಲನೇ?" ಎಂದು ಸಿದ್ದಬಸವ ಕೇಳಿದ. ಹೆಂಡತಿಯೊಡನೆ ಮುನಿಸಿಕೊಂಡು ಮಠಕ್ಕೆ ಬಂದವನು ಅವನು. ಅವಳೇ ಕರೆಯಲು ಬರುತ್ತಾಳೋ ಇಲ್ಲವೋ ನೋಡೋಣ ಎಂದು ಅಲ್ಲೇ ಉಳಿದುಬಿಟ್ಟಿದ್ದ.

ಗುರುಗಳು ಹೇಳಿದರು:

ಒಬ್ಬಳು ಕುಂಬಾರಗಿತ್ತಿ ಇದ್ದಳು. ಅವಳ ತಾಯಿ ಒಂದು ದಿನ ಮುದ್ದಿಸುವಳು, ಮರುದಿನ ಹೇಳದೆ ಕೇಳದೆ ಎಲ್ಲಿಗೋ ಹೋಗುವಳು. ಪ್ರೀತಿ ಎಂದರೆ ಬಾಗಿಲು ಕಾಯುವ ಕೆಲಸ ಎಂದು ಮಗಳು ಕಲಿತಳು. ಅವಳ ಗಂಡ ಊರೂರಿಗೆ ಗಡಿಗೆ ಹೊತ್ತು ಮಾರುವವನು. ಅವನು ಬೆಳೆದ ಮನೆಯಲ್ಲಿ ಅತ್ತರೆ ಯಾರೂ ಓಗೊಡುತ್ತಿರಲಿಲ್ಲ. ಏನನ್ನೂ ಕೇಳದಿರುವುದೇ ಕ್ಷೇಮ ಎಂದು ಅವನು ಕಲಿತ.

ಬೆಳಿಗ್ಗೆ ಗಂಡ ಹೊರಟರೆ ಅವಳು, "ವಾಪಸ್ ಬರ್ತೀಯಾ?" ಎನ್ನುವಳು. ಸಂಜೆ ಬಂದರೆ, "ಮನಸ್ಸಿದ್ದೇ ಬಂದೆಯಾ?" ಎನ್ನುವಳು. ಅವಳು ಕೇಳಿದಷ್ಟೂ ಅವನು ಬಾಯಿ ಮುಚ್ಚಿದ. ಅವನು ಬಾಯಿ ಮುಚ್ಚಿದಷ್ಟೂ ಅವಳು ಕೇಳಿದಳು. ಗಡಿಗೆ ಸುಡುವ ಆವಿಗೆಯನ್ನು ಉರಿಯುವಾಗ ಕೆದಕಿ ನೋಡಿದರೆ ಒಳಗಿನವು ಒಡೆಯುತ್ತವೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗಂಡನನ್ನು ಮಾತ್ರ ದಿನವೂ ಕೆದಕುತ್ತಿದ್ದಳು.

ಒಂದು ಸಂಜೆ ಅವನು ಬರುವ ಹೊತ್ತಿಗೆ ಬಾಗಿಲಿಗೆ ಮರದ ಅಗುಳಿ ಹಾಕಿ ಒಳಗೆ ಕೂತಳು. ಪ್ರೀತಿ ಇದ್ದರೆ ಬಡಿಯುತ್ತಾನೆ ಎಂದುಕೊಂಡಳು. ಅವನು ಬಂದ. ಪ್ರೀತಿ ಇದ್ದರೆ ತಾನೇ ತೆಗೆಯುತ್ತಾಳೆ ಎಂದುಕೊಂಡು ಜಗುಲಿಯ ಮೇಲೆ ಕೂತ. ಒಂದು ಹಲಗೆಯ ಆಚೆ ಈಚೆ ಇಬ್ಬರೂ ಹಸಿದು ಕೂತರು. ಇದಕ್ಕಿಂತ ಪೆದ್ದುತನ ಉಂಟೇ?

ಕೊನೆಗೆ ಹೊರಗೆ ಗಂಡ ಗಡಿಗೆಯ ಬುಟ್ಟಿ ಎತ್ತಿಕೊಂಡು ಹೊರಡುವ ಸದ್ದಾಯಿತು. ಅವಳು ಧಡಕ್ಕನೆ ಎದ್ದಳು. ಬಾಗಿಲು ತೆಗೆದಳು.

"ಯಾಕೆ ಬಡೀಲಿಲ್ಲ?"

"ನಮ್ಮನೇಲಿ ಬಡಿದ್ರೆ ಯಾರೂ ತೆಗೀತಿರ್ಲಿಲ್ಲ."

"ಇದು ಆ ಮನೆ ಅಲ್ಲ," ಎಂದಳು ಅವಳು. ಹೇಳಿದ ಮೇಲೆ, ಆ ಮಾತು ತನಗೂ ಸೇರಿದ್ದು ಎಂದು ಅವಳಿಗೆ ತಿಳಿಯಿತು. ಅಗುಳಿಯನ್ನು ಕಿತ್ತಳು, ಹಿತ್ತಲಲ್ಲಿ ಉರಿಯುತ್ತಿದ್ದ ಆವಿಗೆಯ ಬಾಯಿಗೆ ಹಾಕಿದಳು.

ನೆರೆಯವರು ನಕ್ಕರು. "ಹಸಿಮಣ್ಣಲ್ಲಿ ಬಿದ್ದ ಗುರುತು ಸುಟ್ಟ ಮೇಲೆ ಹೋಗ್ತದೇನೇ? ನಾಳೆ ಹೊಸ ಅಗುಳಿ ಮಾಡಿಸ್ತೀಯ."

"ಗುರುತು ಇದ್ರೆ ಇರ್ಲಿ. ಆ ಗಡಿಗೇಲೇ ನೀರು ತುಂಬ್ತೀನಿ, ನೋಡ್ತಿರಿ," ಎಂದಳು ಕುಂಬಾರಗಿತ್ತಿ.

ಗುರುಗಳು ಕಥೆ ಮುಗಿಸಿದರು.

"ಆಮೇಲೆ ಅವಳ ಭಯ ಹೋಯಿತೇ?" ಎಂದು ಸಿದ್ದಬಸವ ಕೇಳಿದ.

"ಎಲ್ಲಿ ಹೋಗುತ್ತದೆ? ಸಂಜೆಯಾದರೆ ಬರುತ್ತಿತ್ತು. ಅದು ಹೇಳಿದಂತೆ ಕೇಳಲು ಅವಳು ಒಪ್ಪಲಿಲ್ಲ, ಅಷ್ಟೇ."

ಸಿದ್ದಬಸವ ತಲೆ ತಗ್ಗಿಸಿದ. "ನನ್ನ ಹೆಂಡತಿ ಇನ್ನೂ ಕರೆಯಲು ಬಂದಿಲ್ಲ, ಗುರುಗಳೇ."

"ನೀನು ಇಲ್ಲಿ ಕೂತಿರುವುದೇ ಅಗುಳಿ," ಎಂದರು ಗುರುಗಳು.