ಅಕ್ಕಣಿಯ ಮೀನುಗುಂಡಿ

ಹಿಂದಕ್ಕೆ, ಹೊಳೆಯೂ ಕಡಲೂ ಎಲ್ಲಿ ಸೇರುವುದೆಂದು ಇನ್ನೂ ಜಗಳಾಡುತ್ತಿದ್ದ ಕಾಲಕ್ಕೆ, ಅಳಿವೆ ಬಾಯಲ್ಲಿ ಒಂದು ಕೇರಿ ಇತ್ತಂತೆ. ಊರೆಂದರೆ ಬರೀ ಹೊಯ್ಗೆ, ಕಾಲಿಟ್ಟಲ್ಲೆಲ್ಲ ಮರಳು. ಹುಲ್ಲು ಸಹ ಹತ್ತು ಸಲ ಯೋಚಿಸಿ ಹುಟ್ಟುತ್ತಿತ್ತು. ಆ ಕೇರಿಯಲ್ಲಿ ಅಕ್ಕಣಿ ಅಂತ ಮೀನು ಮಾರುವ ಒಬ್ಬಳು ಮರಕಾಲ್ತಿ ಇದ್ದಳಂತೆ.

ಬೆಳಿಗ್ಗೆ ಮೀನು ಮಾರಿ ಮುಗಿಸಿದ ಮೇಲೆ ಅಕ್ಕಣಿ ಮನೆಮನೆಯ ಹಿತ್ತಲಿಗೆ ಹೋಗಿ ಮೀನಿನ ತಲೆ, ಕರುಳು, ಕಿವಿರು, ಸಿಗಡಿ ಸಿಪ್ಪೆ, ಏಡಿ ಚಿಪ್ಪು ಎಲ್ಲ ಬುಟ್ಟಿಗೆ ತುಂಬಿಕೊಂಡು ಬರುವಳು. ತನ್ನ ಹಿತ್ತಲ ಗುಂಡಿಗೆ ಸುರಿದು, ಮೇಲೆ ಒಲೆಬೂದಿ, ತರಗೆಲೆ ಹಾಕುವಳು. ಕೊಳೆತು ಮಣ್ಣಾದದ್ದು ಬಸಳೆ ಬುಡಕ್ಕೆ, ಹಸಿ ಕರುಳಿನ ಒಂದು ಪಾಲು ಅವಳು ಹೊಂಡದಲ್ಲಿ ಸಾಕಿದ ಮುಗುಡು ಮೀನಿಗೆ. ಸತ್ತ ಎಮ್ಮೆಯ ಎಲುಬನ್ನೂ ಬಿಟ್ಟವಳಲ್ಲ, ಸುಟ್ಟು ಕುಟ್ಟಿ ತೆಂಗಿಗೆ ಹಾಕುವಳಂತೆ. ಅವಳ ಒಂದು ಬಸಳೆ ಎಲೆಯಲ್ಲಿ ಮದುಮಗ ಮದುಮಗಳು ಒಟ್ಟಿಗೆ ಉಂಡರಂತೆ. ಅವಳ ಬೂದುಗುಂಬಳ ಉರುಳಿ ಹೊಳೆಗೆ ಬಿದ್ದಾಗ, ದೋಣಿ ಮಗುಚಿತೆಂದು ಜನ ಹಗ್ಗ ಹಿಡಿದು ಓಡಿದರಂತೆ. ದೋಣಿಯೇ ಮಗುಚಿದ್ದು ಎನ್ನುವವರೂ ಇದ್ದಾರೆ.

ಗುಂಡಿ ಇದ್ದಲ್ಲಿ ಕಾಗೆ. ಊರ ಕಾಗೆಯೆಲ್ಲ ಅವಳ ಹಿತ್ತಲಲ್ಲೇ.

ಹೀಗಿರಲಾಗಿ ಕೇರಿಯ ಯಜಮಾನ, ಗುರಿಕಾರ ಹೆರಿಯಣ್ಣ, ಸತ್ತ ಅಪ್ಪನಿಗೆ ಅಂಗಳದಲ್ಲಿ ಎಡೆ ಇಟ್ಟ. ಕಾಗೆ ಮುಟ್ಟದೆ ಮನೆಯವರು ಉಣ್ಣುವಂತಿಲ್ಲ. ಕಾಗೆ ಬರಲಿಲ್ಲ. ಅಪ್ಪನಿಗೆ ಯಾವ ಆಸೆ ಉಳಿಯಿತೋ ಎಂದು ಹೆರಿಯಣ್ಣನಿಗೆ ತಲೆ ಕೆಟ್ಟಿತು. ತಮ್ಮನೊಡನೆ ಮಾತು ಬಿಟ್ಟದ್ದಕ್ಕೋ? ನಾಳೆಯಿಂದ ಮಾತಾಡುತ್ತೇನೆ ಎಂದ. ಬರಲಿಲ್ಲ. ಕಡೆಗಾಲದಲ್ಲಿ ಕಳ್ಳು ಬಿಡಿಸಿದ್ದಕ್ಕೋ? ಎಲೆಗೆ ಕಳ್ಳು ಬಡಿಸಿದ. ಬರಲಿಲ್ಲ. ಒಂದು ನಾಯಿ ಬಂತು, ಓಡಿಸಿದರು. ಅಪ್ಪನೇ ನಾಯಿಯಾಗಿ ಬಂದಿದ್ದರೆ ಎಂದು ಗಾಬರಿಯಾಗಿ ಮತ್ತೆ ಅದನ್ನೇ ಹುಡುಕಿಕೊಂಡು ಓಡಿದರು. ಅಷ್ಟರಲ್ಲಿ ಯಾರೋ ಅಕ್ಕಣಿಯ ಹಿತ್ತಲು ಕಪ್ಪಾಗಿರುವುದನ್ನು ತೋರಿಸಿದರಂತೆ.

ಹೆರಿಯಣ್ಣ ಅಲ್ಲಿಗೆ ಹೋಗಿ, “ಅಕ್ಕಣೀ, ನಮ್ಮ ಅಪ್ಪಯ್ಯನ್ನ ಕಳ್ಸು,” ಎಂದ.

“ಕಳ್ಸುವ ಗುರಿಕಾರ್ರೆ. ಇದ್ರಗೆ ನಿಮ್ಮ ಅಪ್ಪಯ್ಯ ಯಾರು, ತೋರ್ಸಿ.”

ಹೆರಿಯಣ್ಣ ನೋಡಿದ. ಅಪ್ಪ ಎಡಗಾಲು ಕುಂಟುತ್ತಿದ್ದ. ಕುಂಟುವ ಕಾಗೆ ಮೂರಿದ್ದವು.

“ಮೂರನ್ನೂ ಕರ್ಕಂಡ್ ಹೋಯ್ನಿ,” ಎಂದಳಂತೆ ಅಕ್ಕಣಿ, “ಒಂದಾದ್ರೂ ಅಪ್ಪಯ್ಯ ಆಯ್ಕಲ್ದಾ!”

ಹೆರಿಯಣ್ಣನ ಹೊಟ್ಟೆ ಹಸಿದಿತ್ತು, ಸಿಟ್ಟು ನೆತ್ತಿಗೇರಿತು. ನನ್ನ ಬಸಳೆ ಎಂತ ತಿನ್ನಬೇಕು ಎಂದು ಅವಳು ಕೂಗುತ್ತಿದ್ದಂತೆ ಅವನೇ ಹೊಯ್ಗೆ ಎಳೆದು ಗುಂಡಿ ಮುಚ್ಚಿದ. ಕಾಗೆಗಳು ಸ್ವಲ್ಪ ಹೊತ್ತು ಅವನ ಮುಖ ನೋಡಿದವು. ಆಮೇಲೆ ಒಟ್ಟಿಗೆ ಎದ್ದು ಹೊಳೆ ದಾಟಿ ಆಚೆ ಊರಿಗೆ ಹೋದವು.

ಈಗ ಇಡೀ ಕೇರಿ ಓಡಿ ಬಂತು. ನಿಮ್ಮ ಅಪ್ಪನ ಜೊತೆ ನಮ್ಮ ಹಿರಿಯರನ್ನೂ ಅಟ್ಟಿದೆಯಲ್ಲ ಎಂದು ಬೈಯಿತು. ಬದುಕಿದ್ದಾಗಲೇ ನನ್ನ ಗಂಡನಿಗೆ ಆಚೆ ದಡದ ಚಾಳಿ ಇತ್ತು, ಇನ್ನು ತಿರುಗಿ ಬಂದ ಹಾಗೆಯೇ ಎಂದು ಒಬ್ಬಳು ಮುದುಕಿ ಅತ್ತಳಂತೆ.

ಹೆರಿಯಣ್ಣನಿಗೆ ದಿಕ್ಕೇ ತೋಚಲಿಲ್ಲ. ಗುಂಡಿ ಇದ್ದರೆ ಅಪ್ಪ ಮನೆಗೆ ಬರುವುದಿಲ್ಲ. ಇಲ್ಲದಿದ್ದರೆ ಊರಿಗೇ ಬರುವುದಿಲ್ಲ. ಕಡೆಗೆ ತಾನೇ ಗುದ್ದಲಿ ಹಿಡಿದು ಮುಚ್ಚಿದ್ದನ್ನು ತೋಡಿದ. ತನ್ನ ಮನೆಯ ಮೀನಿನ ತಲೆ, ಕರುಳು ತಂದು ಸುರಿದ. ಅಕ್ಕಣಿ ಹೇಳಿದಂತೆ ಎಡೆಯನ್ನೂ ಗುಂಡಿಯ ಅಂಚಿಗೇ ತಂದಿಟ್ಟು, ನೋಡಲು ಧೈರ್ಯ ಸಾಲದೆ ಕಣ್ಣು ಮುಚ್ಚಿ ಕೂತ.

ಹೊತ್ತು ಇಳಿಯಿತು. ರೆಕ್ಕೆ ಸದ್ದಾಯಿತು.

“ಬಂತನೇ?”

“ಬಂತು, ಮುಟ್ಟಿತ್. ಹೋಯಿ ಉಣ್ಣಿ.”

ಬಂದದ್ದು ಕುಂಟ ಕಾಗೆ ಅಂತಾರೆ. ಗಿಡುಗ ಅಂತಾರೆ. ಏನೂ ಬರಲಿಲ್ಲ, ಅಕ್ಕಣಿಯೇ ಸೆರಗು ಕೊಡವಿದ್ದು ಅಂತಲೂ ಅಂತಾರೆ. ಹೆರಿಯಣ್ಣನ ಮನೆಯವರು ಮಾತ್ರ ಹೊಟ್ಟೆ ತುಂಬ ಉಂಡರು.

ಅಕ್ಕಣಿ ತೀರಿಹೋದಾಗ ಅವಳಿಗೆ ಎಡೆ ಇಡಲು ಮಕ್ಕಳಿರಲಿಲ್ಲ. ಇವತ್ತಿಗೂ ಆ ಅಳಿವೆಯ ಎರಡೂ ದಡದ ಹೆಂಗಸರು ಮೀನಿನ ತಲೆ, ಕರುಳು ಬಸಳೆ ಬುಡಕ್ಕೆ ಹಾಕಿದರೆ ತಕ್ಷಣ ಮಣ್ಣು ಎಳೆಯುವುದಿಲ್ಲ. ಕಾಗೆ ಬಂದು ಒಂದು ಚೂರು ಎತ್ತುವ ತನಕ ಕಾದು ಕೂರುತ್ತಾರೆ. ಆ ಚೂರಿಗೆ ಅಕ್ಕಣಿ ಪಾಲು ಅಂತ ಹೆಸರು. ಮಕ್ಕಳು ಕಲ್ಲೆತ್ತಿದರೆ ಗದರುತ್ತಾರೆ: “ಬಿಡಾ, ಯಾರ ಮನೆಯವ್ರೋ ಏನೋ!”